ಕೈಗಂಟಿದ ಕಹಿ

ಗುದ್ದಲಿ ಎತ್ತಿದ ಧರ್ಮಪ್ಪ ಹಾಗೇ ನಿಂತು ಮತ್ತೊಮ್ಮೆ ಸೂರ್ಯನತ್ತ ನೋಡಿದ. ಚಿತ್ತಪ್ಪನನ್ನು ಮಣ್ಣು ಮಾಡಲು ಅವನದೇ ಹೊಲದ ಬದುವಿನಲ್ಲಿ ತೋಡುತ್ತಿದ್ದ ಗುಂಡಿ ಸೊಂಟದಾಳಕ್ಕೆ ಬಂದಿತ್ತು.

“ಏನೋ, ಗಳಿಗೆಗೊಂದ್ಸಾರಿ ಹೊತ್ತು ನೋಡ್ತೀಯ? ಮದ್ವೆ ಮುಹೂರ್ತ ಐತಾ?” ಎಂದ ಗುಂಡಿಯೊಳಗಿದ್ದ ಪರಶುರಾಮ್.

“ಮಿಡಿಸೌತೆ ಕಣೋ. ಇವತ್ತು ಬೆರಳಷ್ಟೈತೆ.”

“ನಾಳೆ ಮುಂಗೈ ಗಾತ್ರ ಆಗ್ತೈತೆ. ಉಪ್ಪಿನಕಾಯಿ ಕಂಪ್ನಿಯೋರು ತಗಳಲ್ಲ, ದನ ತಿಂತಾವೆ ಬಿಡು.”

ಊರಲ್ಲಿ ಹೆಣವಿರುವಾಗ ಯಾರೂ ಹೊಲಕ್ಕಿಳಿಯುವಂತಿಲ್ಲ. ಅದರಲ್ಲೂ ಸತ್ತವನು ಚಿತ್ತಪ್ಪ. ತಂಬಾಕು ಬಿಟ್ಟು ತರಕಾರಿ ಹಾಕಿದ ಊರಿನ ಮೊದಲಿಗ. ಧರ್ಮಪ್ಪನಿಗೋ ಇದು ಮೊದಲ ಬೆಳೆ. ಕೆಟ್ಟರೆ ಮತ್ತೆ ತಂಬಾಕಿಗೇ ಎಂದು ಮನೆಯಲ್ಲಿ ಮಾತಾಗಿತ್ತು.

*

ಮೂರು ವರ್ಷದ ಹಿಂದೆ ತಂಬಾಕಿನ ಎಲೆ ಮುರಿದು ಬಂದ ಧರ್ಮಪ್ಪ ಮಗಳ ಬಾಯಿಗೆ ತುತ್ತಿಟ್ಟಿದ್ದ. “ಅಪ್ಪ, ಕಹಿ!” ಎಂದು ಮಗು ಉಗುಳಿತ್ತು.

ಜಗಲಿಯಲ್ಲಿದ್ದ ಚಿತ್ತಪ್ಪ ನಗಲಿಲ್ಲ. “ಸೋಪು ಹಾಕಿದ್ರೂ ಹೋಗಲ್ಲ ಆ ಅಂಟು. ನನ್ ಮಗನಿಗೂ ನನ್ ಕೈಲಿ ಉಣಿಸಾಕೆ ಆಗ್ತಿರ್ಲಿಲ್ಲ. ಅರ್ಧ ಎಕರೆ ಕೊಡು, ನಾನೇ ನಿಂತು ಸೌತೆ ಹಾಕಿಸ್ತೀನಿ.”

“ನೋಡಾನ” ಎಂದಿದ್ದ ಧರ್ಮಪ್ಪ. ಮುಂದಿನ ಎರಡು ವರ್ಷವೂ ಅದನ್ನೇ ಅಂದ. ಚಿತ್ತಪ್ಪ ಬೇಸರಿಸದೆ ಈ ವರ್ಷವೂ ಬಂದು, ಕೊನೆಗೂ ಧರ್ಮಪ್ಪನನ್ನು ತಂಬಾಕು ಬಿಡುವಂತೆ ಒಪ್ಪಿಸಿದ. ತಂಬಾಕಿನ ಎಲೆ ಪೋಣಿಸಿ ಉಳಿದಿದ್ದ ದಾರದಲ್ಲೇ ಬಳ್ಳಿ ಕಟ್ಟುವುದನ್ನು ಮಂಡಿಯೂರಿ ತೋರಿಸಿಕೊಟ್ಟ. ನ್ಯಾಮತಿ ಸುತ್ತ ಇನ್ನೆಷ್ಟು ಹೊಲಗಳಲ್ಲಿ ಹೀಗೆ ಮಂಡಿಯೂರಿದ್ದನೋ.

*

ಗುಂಡಿ ಮುಗಿಯಿತೆಂದು ಹೇಳಲು ಚಿತ್ತಪ್ಪನ ಮನೆಗೆ ಬಂದಾಗ, ಗಂಡನ ಹೆಣದ ಪಕ್ಕ ಕೂತಿದ್ದ ಉಚ್ಚಂಗಮ್ಮ ತಲೆಯೆತ್ತಿದಳು.

“ಧರ್ಮಪ್ಪ, ಇವತ್ತು ಕೊಯ್ಲಲ್ವಾ ನಿಂದು?”

“ಇರ್ಲಿ ಬಿಡ್ರಿ ಅತ್ತಿಗೆ. ಇಂಥಾ ಹೊತ್ನಾಗೆ ಹೆಂಗೆ…”

“ನಿನ್ನೆ ಉಸ್ರು ಎಳೀತಾನೂ ಅದ್ನೇ ಕೇಳಿದ್ರು ಇವ್ರು. ಧರ್ಮಪ್ಪ ನಾಳೆ ಕೊಯ್ಯಾದು ಮರೀತಾನೇನೋ ಅಂತ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಮಣ್ಣು ಸಂಜೆಗೆ. ಎಲ್ಲಾರೂ ಹೋಗ್ರಿ, ಕೊಯ್ದು ಬರ್ರಿ.”

ಯಾರೂ ಅಲುಗಲಿಲ್ಲ. ಕೊನೆಗೆ ಪರಶುರಾಮನೇ ಟವೆಲ್ ಕೊಡವಿ ಎದ್ದ. “ನಡಿಯಪ್ಪಾ, ಮುಹೂರ್ತ ಮೀರ್ತೈತೆ.”

ಧರ್ಮಪ್ಪನ ಹೊಲದಲ್ಲಿ ಹದಿನೈದು ಮಂದಿ ಒಂದೊಂದು ಸಾಲು ಹಿಡಿದರು. ಮೂರು ಗಂಟೆಗೆ ಕಂಪನಿಯ ಗಾಡಿ ಚೀಲ ತುಂಬಿಕೊಂಡು ಹೋಯಿತು.

ಸಂಜೆ ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿ, ಮಿಂದು ಬಂದರು. ಚಿತ್ತಪ್ಪನ ಮೊಮ್ಮಗಳು ರಮ್ಯಶ್ರೀ ಬೆಳಗಿನಿಂದ ಯಾರು ಕೊಟ್ಟರೂ ಉಂಡಿರಲಿಲ್ಲ. ಪಕ್ಕದ ಮನೆಯವರು ತಂದ ಅನ್ನವನ್ನು ಧರ್ಮಪ್ಪ ಕಲಸಿದ. ತುತ್ತು ಹಿಡಿದ ಕೈ ಹಳೆಯ ಅಭ್ಯಾಸದಿಂದ ಅರ್ಧದಲ್ಲೇ ನಿಂತಿತು.

ಮಗು ಮುಂದೆ ಬಾಗಿ ತುತ್ತನ್ನು ಬಾಯಿಗೆ ತೆಗೆದುಕೊಂಡಿತು. ನಿಧಾನವಾಗಿ ಅಗಿದು ನುಂಗಿತು. ಮತ್ತೆ ಬಾಯಿ ತೆರೆಯಿತು.