ಬಾವಿಗೊಂದು ಉಸಿರುಕೊಳವೆ

"ಬಿದಿರಿಂದು ಹಾಕ್ಲಾ, ಪ್ಲಾಸ್ಟಿಕ್ಕಿಂದಾ?"

ಹಟಾನಾಕ ಎರಡು ಕೊಳವೆಗಳನ್ನೂ ಎತ್ತಿ ಹಿಡಿದಿದ್ದ, ಮೂಲಂಗಿ ಮಾರುವವನ ಹಾಗೆ. ಹಿತ್ತಲ ಬಾವಿ ಮುಚ್ಚಲು ಬಂದ ಗುತ್ತಿಗೆದಾರ. ಮುಚ್ಚಿದ ಮೇಲೂ ಒಳಗಿನ ಜಲದೇವರಿಗೆ ಉಸಿರುಗಟ್ಟಬಾರದು; ತಳದಿಂದ ಮೇಲಿನವರೆಗೆ ಒಂದು ಕೊಳವೆ ನಿಲ್ಲಿಸಿಯೇ ಮರಳು ತುಂಬಬೇಕೆಂಬುದು ಅಲ್ಲಿನ ರೂಢಿ.

"ಬಿದಿರು," ಎಂದ ಮನೆಯ ಯಜಮಾನ ಕುರಾಮೊಚಿ.

"ಬಿದಿರು ಬೇಗ ಕೊಳೆತುಹೋಗುತ್ತೆ, ಮೇಷ್ಟ್ರೇ."

"ಕೊಳೀಲಿ ಬಿಡಿ. ಆಮೇಲೆ ಅದೂ ಮಣ್ಣೇ ಅಲ್ವಾ."

ಆಡಿದ ಮಾತು ಅವನಿಗೇ ಹಿಡಿಸಿತು. ಮೇಜಿನ ಮೇಲೆ ಅವನ ಹೊಸ ಪುಸ್ತಕದ ಅರ್ಧ ತಿದ್ದಿಟ್ಟ ಕರಡು ಇತ್ತು. ಮನುಷ್ಯನನ್ನು ನಡುವಿನಿಂದ ಎಬ್ಬಿಸಿ ಅಂಚಿಗೆ ಕೂರಿಸುವ ಪುಸ್ತಕ. ಹುಲ್ಲು, ಮರ, ನೆಲ, ನೀರು ಎಲ್ಲವೂ ಬುದ್ಧನಾಗುತ್ತವೆ ಎಂಬ ಹಳೆಯ ಮಾತನ್ನು ಅವನು ಕಾಲೇಜಿನಲ್ಲಿ ಹೇಳಿ ಹೇಳಿ ನಯ ಮಾಡಿದ್ದ. ಬಿದಿರಿನ ಮಾತನ್ನು ಮೂರನೆಯ ಅಧ್ಯಾಯಕ್ಕೆ ಸೇರಿಸಬಹುದು.

ಬಾವಿ ಮುಚ್ಚಬೇಕೆಂದದ್ದು ಮಗಳು. ಅವಳ ಮಗು ಹೆಜ್ಜೆ ಇಡಲು ಕಲಿತಿತ್ತು. "ಆ ಬಾವಿ ಇರೋ ತನಕ ನಾನು ಬರಲ್ಲ," ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಅದರ ಮುಂದೆ ಮೂರನೆಯ ಅಧ್ಯಾಯದ ಆಟ ನಡೆಯಲಿಲ್ಲ.

ದೇಗುಲದ ಅರ್ಚಕ ಇನಾಗಾಕಿ ಸ್ಕೂಟರಿನಲ್ಲಿ ಬಂದ. ಹೆಲ್ಮೆಟ್ ತೆಗೆದು, ಬಿಳಿ ಅಂಗಿ ತೊಟ್ಟು, ಬಾವಿಕಟ್ಟೆಯ ಮೇಲೆ ಉಪ್ಪು, ಅಕ್ಕಿ, ಸಾಕೆ ಮದ್ಯ ಇಟ್ಟ. ಎಲ್ಲರೂ ತಲೆ ಬಾಗಿಸಿದರು. ಇನಾಗಾಕಿಯ ದನಿ ನೆಲದ ಹತ್ತಿರದಿಂದ ಎದ್ದು ನಿಧಾನವಾಗಿ ಏರಿತು. ಯಾರು ಕುಡಿದರೆಂದು ಕೇಳದ ನೀರೇ, ಕತ್ತಲಲ್ಲಿ ಕೂತು ಬೆಳಕನ್ನು ಕಾಯ್ದ ನೀರೇ, ಬೇಸರಿಸಬೇಡ. ಕುರಾಮೊಚಿ ಕಣ್ಣು ಮುಚ್ಚಿ ಕೇಳಿದ. ಚಿಕ್ಕಂದಿನಲ್ಲಿ ಅಜ್ಜಿ ಮುಂಜಾನೆ ಸೂತ್ರ ಹೇಳುವಾಗ ಹೀಗೇ ಆಗುತ್ತಿತ್ತು: ಅರ್ಥ ಗೊತ್ತಿಲ್ಲದೆಯೂ ಬೆನ್ನು ನೆಟ್ಟಗಾಗುತ್ತಿತ್ತು. ಈಗ ಅರ್ಥ ಗೊತ್ತಿತ್ತು. ಬೆನ್ನು ಸುಮ್ಮನಿತ್ತು.

ಕಣ್ಣು ತೆರೆದಾಗ ಮೊದಲು ಕಂಡದ್ದು ನೀಲಿ ಬಕೆಟ್. ಖಾಲಿ. ಅದರ ಮೇಲೆ ಅಡ್ಡಲಾಗಿ ಮೀನಿನ ಬಲೆ.

ಬೆಳಿಗ್ಗೆ ಹೆಂಡತಿ ಕಿನುಯೊ, ತಂಗಿಯ ಮನೆಗೆ ಹೊರಡುವ ಮುಂಚೆ, ಬಾಗಿಲಲ್ಲಿ ನಿಂತು ಹೇಳಿದ್ದಳು: "ರೀ, ಅವರು ಬರೋದ್ರೊಳಗೆ ಮೇಷ್ಟ್ರನ್ನ ಎತ್ತಿ ಕೋಟೆ ಕಂದಕಕ್ಕೆ ಬಿಡಿ. ಮರೀಬೇಡಿ." ಸೊಳ್ಳೆಮರಿ ತಿನ್ನಲೆಂದು ಅವಳು ಬಾವಿಗೆ ಬಿಟ್ಟಿದ್ದ ಗೆಂಡೆಮೀನಿಗೆ ಅವಳೇ ಇಟ್ಟ ಹೆಸರು ಅದು. ಬೆರಳುದ್ದದ್ದು ಮೊಣಕೈಯುದ್ದ ಬೆಳೆದಿತ್ತು. "ಮನೇಲಿ ಇಬ್ಬರು ಮೇಷ್ಟ್ರು. ಒಬ್ಬರಾದ್ರೂ ಸೊಳ್ಳೆ ಹಿಡೀತಾರೆ," ಎಂದು ನಗುತ್ತಿದ್ದಳು. ಅವನು ಕರಡಿನಿಂದ ತಲೆಯೆತ್ತದೆ "ಹ್ಞೂಂ" ಎಂದಿದ್ದ.

ಕುರಾಮೊಚಿ ಹೇಳಲು ಬಾಯಿ ತೆರೆದ.

"ಮೇಷ್ಟ್ರೇ, ನಿಮ್ಮ ಪುಸ್ತಕ ಓದಿದೀನಿ," ಎಂದ ಇನಾಗಾಕಿ, ಅಂಗಿ ಮಡಿಸುತ್ತಾ. "ಬಾವಿಗೂ ಮರ್ಯಾದೆ ಕೊಡೋರು ಈಗ ಯಾರಿದಾರೆ ಹೇಳಿ. ನನಗೆ ಕಣ್ಣಲ್ಲಿ ನೀರು ಬಂತು."

"ಛೆ, ಹಾಗೇನಿಲ್ಲ."

"ಶುರು ಮಾಡ್ಲಾ?" ಎಂದ ಹಟಾನಾಕ.

ಇಷ್ಟು ಮಂತ್ರವಾದ ಮೇಲೆ 'ಮೀನು' ಎನ್ನುವುದು ಹೇಗೆ? ಜಲದೇವರಿಗೆ ಕೊಳವೆ ಆರಿಸಿ ಕೊಟ್ಟವನು, ಜಲದಲ್ಲಿದ್ದವನನ್ನು ಮರೆತೆ ಎಂದು?

"ಹ್ಞೂಂ," ಎಂದ.

ನದಿಯ ಮರಳು ಜಾರಿತು. ಕೆಳಗೆ ನೀರು ಚಪ್ಪಳಿಸಿದ ಸದ್ದು. ಕುರಾಮೊಚಿ ಬಗ್ಗಿ ನೋಡಿದ. ಬೂದು ಬೆನ್ನೊಂದು ಹೊರಳಿತು. ಒಮ್ಮೆ ಹೊಳೆದು ಆರಿತು. ಮರಳು ಏರಿದಂತೆ ನೀರೂ ಏರುತ್ತಿತ್ತು. ಅಂದರೆ ಅದೂ ಮೇಲೆ ಬರುತ್ತಿದೆ. ಬರಲಿ. ಕೈಗೆಟುಕುವಷ್ಟು ಬಂದರೆ ಯಾರಾದರೂ ನೋಡುತ್ತಾರೆ, ಯಾರಾದರೂ ಕೂಗುತ್ತಾರೆ. ಆಗ ತಾನೂ ಬೆರಗಾಗಬಹುದು.

ಯಾರೂ ಕೂಗಲಿಲ್ಲ. ಹಟಾನಾಕನ ಕಣ್ಣು ಕೊಳವೆಯ ಮೇಲಿತ್ತು, ಅದು ವಾಲಬಾರದು. ಇನಾಗಾಕಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ನೀರು ಕದಡಿತು, ಚಹಾದ ಬಣ್ಣವಾಯಿತು, ಗಂಜಿಯಾಯಿತು. ಎಲ್ಲವೂ ಬುದ್ಧನಾಗುತ್ತವೆ ಎಂದುಕೊಂಡ ಕುರಾಮೊಚಿ. ಆ 'ಎಲ್ಲ'ದೊಳಗೆ ಈ ಒಂದು ಎಲ್ಲಿದೆ ಎಂದು ಹುಡುಕಿದ. ಆಮೇಲೆ ಒದ್ದೆ ಮರಳು ಮಾತ್ರ ಇತ್ತು.

"ಕೊಳವೆ ನೆಟ್ಟಗೆ ನಿಂತಿದೆ," ಎಂದ ಹಟಾನಾಕ. "ದೇವರಿಗೆ ಆರಾಮ."

ಅವರು ಹೋದ ಮೇಲೆ ಕುರಾಮೊಚಿ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು ತುಂಬಿಸಿದ. ಚೆಲ್ಲಿದ. ಬಲೆಯನ್ನೂ ತೋಯಿಸಿದ. ಎರಡನ್ನೂ ಒಣಗಲು ಬಿಟ್ಟವರ ಹಾಗೆ ಬೋರಲು ಹಾಕಿದ. ಆ ದಿನ ಅವನು ಶ್ರದ್ಧೆಯಿಂದ ಮಾಡಿದ ಕೆಲಸ ಅದೊಂದೇ.

ಸಂಜೆ ಕಿನುಯೊ ಚಪ್ಪಲಿ ಬಿಡುವ ಮೊದಲೇ ಹಿತ್ತಲಿಗೆ ಬಂದಳು. ಮರಳನ್ನು ನೋಡಿದಳು. ಬಕೆಟ್ಟನ್ನು ನೋಡಿದಳು.

"ಬಿಟ್ರಾ?"

"ಬಿಟ್ಟೆ."

"ಒದ್ದಾಡಿದನಾ?"

"ಇಲ್ಲ. ಸುಮ್ಮನೆ ಹೋದ."

"ಅವನು ಹಾಗೆಲ್ಲ ಸುಮ್ಮನೆ ಹೋಗೋನಲ್ಲ." ಅಡುಗೆಮನೆಯಿಂದ, ಮೀನಿಗೆ ಹಾಕುವ ಒಣ ಗೋಧಿ ಬಿಲ್ಲೆಗಳ ಪೊಟ್ಟಣ ತಂದಳು. "ನಡೀರಿ, ತೋರಿಸಿ. ಹೊಸ ಜಾಗ, ಹೆದರಿರ್ತಾನೆ."

ಕಂದಕದ ಸೇತುವೆಯ ಮೇಲೆ ಗಾಳಿ ಸರೋವರದ ಕಡೆಯಿಂದ ಬರುತ್ತಿತ್ತು. ಕಿನುಯೊ ಬಿಲ್ಲೆ ಪುಡಿ ಮಾಡಿ ಎಸೆದಳು. ಹಸಿರು ನೀರು ಬಿರಿದು ಬಾಯಿಗಳು ಬಂದವು, ಒಂದರ ಮೇಲೊಂದು. ದುಂಡಗೆ ತೆರೆದ ಬಾಯಿಗಳು.

"ಮೇಷ್ಟ್ರೇ!" ಎಂದು ನೀರಿಗೆ ಕೂಗಿದಳು.

ಕುರಾಮೊಚಿ ಓ ಎನ್ನಹೋಗಿ ತಡೆದುಕೊಂಡ.

"ಇದರಲ್ಲಿ ನಮ್ಮವನು ಯಾರು?"

ಅವನು ಬೆರಳು ತೋರಿಸಿದ. ಯಾವುದೋ ಒಂದು ಬಾಯಿಗೆ.

ಕಿನುಯೊ ಬಹಳ ಹೊತ್ತು ನೋಡಿದಳು. "ಒಂದೇ ದಿನದಲ್ಲಿ ಎಷ್ಟು ದಪ್ಪ ಆಗಿಬಿಟ್ಟಿದಾನೆ," ಎಂದಳು. ನಕ್ಕಳೋ ಇಲ್ಲವೋ, ಮುಖ ಆ ಕಡೆಗಿತ್ತು. ಪೊಟ್ಟಣವನ್ನು ಅವನ ಕೈಯಲ್ಲಿಟ್ಟಳು. "ಉಳಿದದ್ದು ನೀವೇ ಹಾಕಿ. ಎಲ್ಲಿ ಬಿಟ್ರಿ ಅಂತ ನಿಮಗೆ ತಾನೇ ಗೊತ್ತಿರೋದು."

ಅವಳು ಮುಂದೆ ನಡೆದಳು. ಅವನು ಹಿಂದೆ ಉಳಿದ. ಬಾಯಿಗಳಿಗೆ ಏನೂ ಹಾಕಲಿಲ್ಲ.

ಮನೆ ಸೇರಿದಾಗ ಒಳಗೆ ದೀಪ ಹತ್ತಿತ್ತು. ಕಿನುಯೊ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದಳು: "ಹೂಂ, ಮುಚ್ಚಿ ಆಯ್ತಮ್ಮ. ಇನ್ನೇನೂ ಭಯ ಇಲ್ಲ. ಕರ್ಕೊಂಡು ಬಾ."

ಹಿತ್ತಲಲ್ಲಿ ಒರಟು ಮರಳಿನಿಂದ ಗೇಣುದ್ದ ಬಿದಿರು ಎದ್ದು ನಿಂತಿತ್ತು, ದುಂಡು ಬಾಯಿ ಆಕಾಶಕ್ಕೆ ತೆರೆದು. ಕುರಾಮೊಚಿ ಮಂಡಿಯೂರಿದ. ಒಂದು ಬಿಲ್ಲೆ ತೆಗೆದು ಒಳಗೆ ಬಿಟ್ಟ. ಕಿವಿಯಿಟ್ಟು ಕೇಳಿದ. ಅದು ಎಲ್ಲಿ ತಲುಪಿತೋ, ಸದ್ದು ಬರಲಿಲ್ಲ.

ಕೊಳವೆಯ ಬಾಯಿ ತೆರೆದೇ ಇತ್ತು. ಅವನು ಇನ್ನೊಂದು ಹಾಕಿದ.