ಹನ್ನೊಂದು ಜನ

ವರ್ನೀಟಾ ಪ್ರೂಯಿಟ್ ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿದ ಮೇಲೆ ಆ ಪತ್ರಕರ್ತ ಮನೆಗೆ ಬಂದ. ಹೆಸರು ಹಾಸ್ಕೆಲ್ ಬ್ರ್ಯಾಂಟ್. ನಲವತ್ತು ವರ್ಷ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆದವನು. ಆಟದ ಮಹನೀಯರ ಕಂಚಿನ ಮುಖಗಳನ್ನಿಡುವ ಕ್ಯಾಂಟನ್ ಊರಿನ ಹಾಲ್ ಆಫ್ ಫೇಮ್‌ಗೆ ಹಳೆಯ ಆಟಗಾರರನ್ನು ಆರಿಸುವ ಸಮಿತಿಯಲ್ಲಿ ಒಬ್ಬ. ಈ ಸಲದ್ದು ಅವನ ಕೊನೆಯ ಸಭೆ. ಅವನೂ ಎದ್ದುಹೋದ ಮೇಲೆ ಆ ಮೇಜಿನ ಸುತ್ತ ಒಡೆಲ್ ಪ್ರೂಯಿಟ್ ಎಂಬ ಹೆಸರು ಕೇಳಿದವರೇ ಇರುವುದಿಲ್ಲ.

ಇತ್ತ ಒಡೆಲ್‌ನ ಮರೆವು ಬೆಳೆಯುತ್ತಿತ್ತು. ಬೇಸಿಗೆಯ ಹೊತ್ತಿಗೆ ಹೆಂಡತಿಯ ಗುರುತು ಸಿಕ್ಕರೆ ಅದೇ ಹೆಚ್ಚು ಎಂದಿದ್ದರು ಡಾಕ್ಟರು. ಆ ಕಂಚಿನ ಮುಖಗಳ ಸಾಲಿನಲ್ಲಿ ಗಂಡನದೊಂದು ಮುಖ ನಿಲ್ಲುವುದಾದರೆ, ಅದು ತನ್ನದೆಂದು ಅವನಿಗೆ ತಿಳಿಯುವಾಗಲೇ ನಿಲ್ಲಲಿ. ವರ್ನೀಟಾ ದೇವರಲ್ಲಿ ಕೇಳಿದ್ದು ಇಷ್ಟೇ.

ಒಡೆಲ್ ಹದಿಮೂರು ವರ್ಷ ಆಡಿದ್ದ. ಚೆಂಡು ಎಸೆಯುವವನಲ್ಲ, ಅಂಕ ಗಳಿಸುವವನೂ ಅಲ್ಲ. ತನ್ನ ತಂಡ ಚೆಂಡನ್ನು ದೂರಕ್ಕೆ ಒದ್ದಾಗ, ಅಡ್ಡ ಬರುವ ಇಬ್ಬರನ್ನು ತಪ್ಪಿಸಿ ಮೈದಾನದುದ್ದಕ್ಕೂ ಓಡಿ, ಚೆಂಡು ಹಿಡಿದವನನ್ನು ಅಲ್ಲೇ ಕೆಡಹುವುದು ಅವನ ಕೆಲಸ. ಸ್ಪೆಷಲ್ ಟೀಮ್ ಎನ್ನುತ್ತಾರೆ. ಹೆಸರಿಗಷ್ಟೇ ಸ್ಪೆಷಲ್, ಒದೆತದ ಹೊತ್ತಿಗೆ ಜನ ಬಿಯರ್ ತರಲು ಏಳುತ್ತಾರೆ.

"ಏನ್ರೀ ಬ್ರ್ಯಾಂಟ್, ನಿಮಗಿಂತ ಮೊದ್ಲು ನಿಮ್ ಹೊಟ್ಟೆನೇ ಒಳಗೆ ಬಂತಲ್ಲ!" ಎಂದ ಒಡೆಲ್, ಕುರ್ಚಿಯಿಂದಲೇ. ವರ್ನೀಟಾಳ ಎದೆ ಹಗುರಾಯಿತು. ಇವತ್ತು ಒಳ್ಳೆಯ ದಿನ.

ಅವಳು ಕೇಕ್ ಕೊಯ್ದು ಕೊಟ್ಟು, ಜೋಪಾನವಾಗಿಟ್ಟಿದ್ದ ಹಳೆಯ ಟಿ.ವಿ. ಪಂದ್ಯವನ್ನು ಹಾಕಿದಳು. ಚೆಂಡನ್ನು ಒದ್ದರು. ಕ್ಯಾಮೆರಾ ಚೆಂಡಿನ ಜೊತೆ ಮೇಲೆ ಹೋಯಿತು. ನಾಲ್ಕೂವರೆ ಸೆಕೆಂಡು ಬರೀ ಬೂದು ಆಕಾಶ. ಕೆಳಗಿಳಿಯುವಷ್ಟರಲ್ಲಿ ಎದುರು ತಂಡದವನು ಕೈ ಎತ್ತಿ ನಿಂತಿದ್ದ: ನಾನು ಓಡುವುದಿಲ್ಲ, ಮುಟ್ಟಬೇಡಿ ಎಂಬ ಸನ್ನೆ. ಅವನ ಮುಖಕ್ಕೆ ಉಸಿರು ತಾಕುವಷ್ಟು ಹತ್ತಿರದಲ್ಲಿ ಒಡೆಲ್ ಸುಮ್ಮನೆ ನಿಂತಿದ್ದ. ಆರು ಒದೆತ, ಆರು ಸಲವೂ ಇಷ್ಟೇ.

"ಇದನ್ನ ತೋರ್ಸಿ ನಾನು ಏನ್ ಹೇಳ್ಲಿ ತಾಯಿ? ಏನೂ ಆಗ್ಲಿಲ್ಲ ಅಂತ್ಲೇ?" ಎಂದ ಬ್ರ್ಯಾಂಟ್.

"ಏನೂ ಆಗದಂಗೆ ಮಾಡಿದ್ದೇ ಅವನಲ್ವಾ!"

"ನಂಗೊತ್ತು. ಅಲ್ಲಿ ಕೂತೋರಿಗೆ ಹೇಳೋದು ಹೇಗೆ? ಎಷ್ಟು ಜನನ್ನ ಕೆಡವಿದ ಅಂತ ಕೇಳ್ತಾರೆ. ಆಗ ಒದೆತದ ಆಟದಲ್ಲಿ ಅದನ್ನ ಯಾರೂ ಬರೆದೇ ಇಡ್ತಿರ್ಲಿಲ್ಲ. ಒದೆಯೋರನ್ನ ಹಾಲ್ ಒಳಗೆ ಬಿಡೋಕೇ ಮೀನಮೇಷ ಎಣಿಸೋ ಜನ, ಒದ್ದ ಚೆಂಡಿನ ಹಿಂದೆ ಓಡೋನನ್ನ ಬಿಡ್ತಾರಾ?" ಅವನು ಅಂಗೈಯಗಲದ ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟ. "ಇವರ ಬಾಯಿಂದ್ಲೇ ಒಂದು ಮಾತು ಬೇಕು. 'ಇದು ನಾನು ಮಾಡಿದ್ದು' ಅಂತ ಒಂದೇ ಒಂದು ಆಟ. ಸಭೇಲಿ ಅದನ್ನೇ ಕೇಳಿಸ್ತೀನಿ."

"ಹಿಮ ಬಿದ್ದಿದ್ದ ಪಂದ್ಯ ಹೇಳು ಒಡೆಲ್," ಎಂದಳು ವರ್ನೀಟಾ. "ನಿನ್ ಭುಜದ ಮೂಳೆ ಮುರೀತಲ್ಲ, ಅದು."

ಒಡೆಲ್‌ನ ಕಣ್ಣು ಬೆಳಗಿತು. ಬೆನ್ನು ನೆಟ್ಟಗಾಯಿತು. "ಬಲಗಡೆ ಗೆರೆ ಮೇಲೆ ಹಿಮ ಗಟ್ಟಿಯಾಗಿತ್ತು. ಅಲ್ಲಿ ಕಾಲಿಟ್ರೆ ಜಾರಲ್ಲ. ಮೊದಲನೇವ್ನಿಗೆ ಎಡಕ್ಕೆ ಹೋದಂಗೆ ತೋರಿಸ್ಬೇಕು. ಎರಡನೇವ್ನ ಕೈ ಎದೆ ಮೇಲೆ ಬೀಳುತ್ತಲ್ಲ, ಮಣಿಕಟ್ಟಿಗೆ ಹೊಡೆದು ಬಿಡಿಸ್ಕೋಬೇಕು. ಚೆಂಡು ನೋಡ್ಬಾರ್ದು. ಹಿಡಿಯೋನ ಕಣ್ಣು ನೋಡ್ಬೇಕು, ಚೆಂಡು ಎಲ್ಲಿದೆ ಅಂತ ಅವನ ಕಣ್ಣೇ ಹೇಳುತ್ತೆ. ಅವನು ಹಿಡಿದ, ಹಿಡಿದ ಗಳಿಗೇಲೇ ಬಿದ್ದ. ಚೆಂಡು ಕೈಜಾರಿ ಉರುಳ್ತು, ನಮ್ಮೋರಿಗೆ ಸಿಕ್ತು. ಪಂದ್ಯ ನಮ್ಮದಾಯ್ತು."

ಬ್ರ್ಯಾಂಟ್ ಮುಂದಕ್ಕೆ ಬಾಗಿದ. "ಅವನನ್ನ ಕೆಡವಿದ್ದು ಯಾರು, ಒಡೆಲ್?"

"ಹನ್ನೊಂದು ಜನ."

ವರ್ನೀಟಾ ಕಣ್ಣು ಮುಚ್ಚಿಕೊಂಡಳು. ಆ ಉತ್ತರ ಅವಳಿಗೆ ಗೊತ್ತಿತ್ತು. ಪ್ರತಿ ಸೋಮವಾರ ಕೋಚ್ ಸ್ಟ್ರೋಡ್ ಪಂದ್ಯದ ಫಿಲ್ಮ್ ಹಾಕಿ, ಅರ್ಧಕ್ಕೆ ನಿಲ್ಲಿಸಿ, ಕೆಡವಿದ್ದು ಯಾರೆಂದು ಕೇಳುತ್ತಿದ್ದ. ಎಲ್ಲರೂ ಒಟ್ಟಿಗೆ ಹನ್ನೊಂದು ಜನ ಎಂದು ಕೂಗಬೇಕು. ಬಾಯಿತಪ್ಪಿ ನಾನು ಎಂದವನಿಗೆ ಮುಂದಿನ ಭಾನುವಾರ ಆಟವಿಲ್ಲ. ಹದಿಮೂರು ವರ್ಷದ ಪಾಠ. ಮಗಳ ಮದುವೆಯನ್ನೇ ಮರೆತವನಲ್ಲಿ ಅದೊಂದು ಮಾತ್ರ ಕಲ್ಲಿನಲ್ಲಿ ಕೊರೆದಂತೆ ಉಳಿದಿತ್ತು.

ಅವಳು ಕುರ್ಚಿಯ ಮುಂದೆ ಮೊಣಕಾಲೂರಿ ಅವನ ಸೊಟ್ಟ ಬೆರಳುಗಳನ್ನು ಹಿಡಿದಳು. "ಸ್ಟ್ರೋಡ್ ಸತ್ತು ಇಪ್ಪತ್ತು ವರ್ಷ ಆಯ್ತು ಕಣೋ. ಒಂದೇ ಒಂದ್ಸಲ 'ನಾನು' ಅನ್ನು. ನನಗೋಸ್ಕರ."

ಒಡೆಲ್ ಬಾಗಿಲ ಕಡೆ ಕದ್ದು ನೋಡಿದ. ದನಿ ತಗ್ಗಿಸಿದ. "ಸುಮ್ನಿರು ನೀಟಾ, ಕೇಳಿಸ್ಕೊಂಡಾನು. ಭಾನುವಾರ ಕೂರಿಸಿಬಿಡ್ತಾನೆ."

ತಗ್ಗಿ ನಡೆವವರ ಪಕ್ಷ ದೇವರದು ಎಂದು ಎಳವೆಯಿಂದ ಚರ್ಚಿನಲ್ಲಿ ಕೇಳಿದವಳು ವರ್ನೀಟಾ, ಕೇಳಿದ್ದನ್ನು ನಂಬಿದವಳು. ಇಷ್ಟು ತಗ್ಗಿದವನು ಕಣ್ಣಮುಂದೆ ಕೂತಿದ್ದಾನೆ. ಇನ್ನೆಷ್ಟು ತಗ್ಗಬೇಕು?

ಬ್ರ್ಯಾಂಟ್ ರೆಕಾರ್ಡರ್ ಆರಿಸಲಿಲ್ಲ. "ಹೋಗ್ಲಿ, ಆ ಹನ್ನೊಂದು ಜನ ಯಾರ್ಯಾರು ಹೇಳಿ ಒಡೆಲ್. ಬದುಕಿರೋರು ಯಾರಾದ್ರೂ ಇದ್ರೆ ಅವರಿಂದ್ಲಾದ್ರೂ ನಿಮ್ಮ ಬಗ್ಗೆ ಹೇಳಿಸ್ತೀನಿ."

ಒಡೆಲ್ ಎಡಗಡೆಯಿಂದ ಶುರುಮಾಡಿದ, ಪದ್ಯ ಒಪ್ಪಿಸುವವನ ಹಾಗೆ, ಒಂದು ಹೆಸರಿಗೆ ಒಂದು ಬೆರಳು. "ಟರ್ವಿಸ್. ದೊಡ್ಡ ಮೆಲ್‌ರೋಸ್. ಗೊರಕೆ ಹೊಡೆಯೋ ಲುಬಿನ್ಸ್ಕಿ. ಅವನ ಪಕ್ಕ ಹೊರೇಸ್..." ಒಂದೊಂದು ಹೆಸರಿಗೂ ಒಂದು ನಗು. ವರ್ನೀಟಾ ಮನಸ್ಸಿನಲ್ಲೇ ಹೇಳಿಕೊಂಡಳು: ಸತ್ತ, ಸತ್ತ, ಆಸ್ಪತ್ರೆಯಲ್ಲಿದ್ದಾನೆ, ಸತ್ತ. ಎರಡೂ ಕೈಯ ಬೆರಳು ಮುಗಿದವು. ಒಡೆಲ್‌ನ ಎಣಿಕೆ ನಿಂತಿತು.

"ಹತ್ತಾಯ್ತು," ಎಂದ ಬ್ರ್ಯಾಂಟ್ ಮೆಲ್ಲಗೆ.

"ಬಲಗಡೆ ಕೊನೇಲಿ ಒಬ್ಬ ಇದ್ದ." ಒಡೆಲ್ ಹಣೆ ಉಜ್ಜಿಕೊಂಡ. "ಒಳ್ಳೆ ಓಟಗಾರ. ಮಾತು ಕಡಿಮೆ. ಅವನ ಹೆಸರು ಏನೇ, ನೀಟಾ?"

"ಒಡೆಲ್ ಪ್ರೂಯಿಟ್," ಎಂದಳು ಅವಳು.

ಅವನು ಆ ಹೆಸರನ್ನು ಬಾಯೊಳಗೆ ಹೊರಳಿಸಿ ನೋಡಿದ. ಮತ್ತೊಮ್ಮೆ ಹೊರಳಿಸಿದ. ಆಮೇಲೆ ಅವಳಿಗೆ ಬೇಸರವಾಗದಿರಲೆಂದು ನಯವಾಗಿಯೇ ತಲೆಯಾಡಿಸಿದ.

"ಇಲ್ಲ ಕಣೇ. ಆ ಹೆಸರಿನೋನು ನಮ್ಮಲ್ಲಿ ಯಾರೂ ಇರ್ಲಿಲ್ಲ."

ಬ್ರ್ಯಾಂಟ್ ರೆಕಾರ್ಡರ್ ಆರಿಸಿ ಕೋಟಿನ ಜೇಬಿಗೆ ಹಾಕಿಕೊಂಡ. ಬಾಗಿಲಲ್ಲಿ ಒಮ್ಮೆ ವರ್ನೀಟಾಳ ಮುಖ ನೋಡಿ, ಟೋಪಿ ಇಟ್ಟುಕೊಂಡು ಇಳಿದು ಹೋದ. ಒಳಗೆ ಒಡೆಲ್ ಮತ್ತೆ ಎಡಗಡೆಯಿಂದ ಹೆಸರು ಎಣಿಸುತ್ತಿದ್ದ. ವರ್ನೀಟಾ ಅಭ್ಯಾಸಬಲದಿಂದ ಕೈ ಜೋಡಿಸಿದಳು. ಕೇಳಿಕೊಳ್ಳಲು ಏನೂ ತೋಚದೆ, ಜೋಡಿಸಿದ ಕೈಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಕೂತಳು.