ತೆಳು ಮಡಕೆ ಪೇಟೆ ಮುಟ್ಟುವ ದಾರಿ

ಪೇಟೆಗೆ ಹೊರಟಿದ್ದ ಟೆಂಪೊ ಮರಳಿ ಅಂಗಳಕ್ಕೆ ಬಂದು ನಿಂತಾಗ ಒಳಗಿನಿಂದ ಚೂರುಗಳ ಸದ್ದು ಕೇಳಿಸಿತು. ಮಗಳು ವಾರವಿಡೀ ಕೂತು ಮಾಡಿದ ತೆಳು ಮಡಕೆಗಳೆಲ್ಲ ಪೇಟೆ ಮುಟ್ಟುವ ಮೊದಲೇ ಗುಂಡಿ ಬಿದ್ದ ದಾರಿಯಲ್ಲಿ ಒಡೆದುಹೋಗಿದ್ದವು.

ಕುಂಬಾರಮ್ಮ ಸೊಂಟಕ್ಕೆ ಕೈಯಿಟ್ಟಳು. "ಬಡ್ಕೊಂಡೆ, ದಪ್ಪ ಮಾಡೇ ಅಂತ. ಕೇಳಿದ್ಯಾ?"

"ದಪ್ಪದ್ದು ಪೇಟೇಲಿ ಯಾರಿಗೂ ಬೇಡಮ್ಮ," ಮಗಳು ಕಣ್ಣೊರೆಸಿಕೊಂಡಳು. "ಬಿಸಿಯಾಗೋದ್ರೊಳಗೆ ಸೌದೆ ಮುಗಿಯುತ್ತೆ ಅಂತಾರೆ."

ಟೆಂಪೊ ಓಡಿಸುವ ಅಳಿಯ ಮಡಕೆಗಳಡಿ ಹಾಸಿದ್ದ ಹುಲ್ಲಿನಿಂದ ಚೂರು ಆರಿಸುತ್ತಿದ್ದ. "ಅತ್ತೆ, ಸಂಜೆ ರಸ್ತೆ ಸಭೆ. ಊರೆಲ್ಲ ಒಪ್ಪಿದೆ. ನೀವೊಬ್ರೇ ಹೊಸ ರಸ್ತೆಗೆ ಅಂಗಳದಂಚು ಬಿಡಲ್ಲ ಅಂತ ಕೂತಿದ್ದೀರಿ."

"ಬಿಟ್ಟು? ಮಡಕೇನ ನಿಮ್ಮ ತಲೆ ಮೇಲೆ ಒಣಗಿಸ್ಲಾ?"

"ಒಣಗಿಸಿ. ಹೇಗೂ ಕೂದ್ಲಿಲ್ಲ, ಬಿಸಿಲು ಚೆನ್ನಾಗಿ ಬೀಳುತ್ತೆ."

ಅವಳು ನಗು ನುಂಗಿಕೊಂಡಳು. "ರಸ್ತೆಯಾದ್ರೆ ಸ್ಟೀಲು, ಪ್ಲಾಸ್ಟಿಕ್ಕು ನುಗ್ಗುತ್ತೆ. ನಮ್ಮ ತಿಗರಿ ತಿರುಗೋದು ನಿಂತು ಮೂಲೆ ಸೇರುತ್ತೆ."

"ಅವು ಈ ಗುಂಡೀಲೂ ಬರ್ತಾನೇ ಇವೆ. ಬಿದ್ರೂ ಒಡೆಯಲ್ಲ. ಒಡೆಯೋದು ನಮ್ಮ ಮಾಲು. ದಾರಿ ಕೆಟ್ಟಷ್ಟೂ ಅವ್ರಿಗೇ ಲಾಭ. ಒಂದು ಕೇಳ್ಲಾ ಅತ್ತೆ? ನಿಮ್ಮ ತವರಲ್ಲೂ ಹೀಗೇ ದಪ್ಪ ಮಾಡ್ತಿದ್ರಾ?"

ಕುಂಬಾರಮ್ಮ ಬಗ್ಗಿ ಒಂದು ಚೂರು ಎತ್ತಿಕೊಂಡಳು. ತವರು ಹೆದ್ದಾರಿಯ ಪಕ್ಕ. ಅಮ್ಮನ ಮಡಕೆ ಬೆರಳಲ್ಲಿ ತಟ್ಟಿದರೆ ಗಂಟೆಯಂತೆ ನುಡಿಯುತ್ತಿತ್ತು. ಅದೇ ಕೈ ಹೊತ್ತು ಈ ಮನೆಗೆ ಬಂದಿದ್ದಳು. ಈ ಗುಂಡಿ ದಾರಿಯಲ್ಲಿ ಮೊದಲ ಗಾಡಿಯ ಮಾಲೆಲ್ಲ ಚೂರಾದಾಗ ಗಂಡನ ತಾಯಿ "ದಪ್ಪ ಮಾಡು" ಎಂದರು, ಮಾಡಿದಳು. ಅದನ್ನೇ ಮಗಳಿಗೂ ಕಲಿಸಿದಳು.

"ದಪ್ಪ ಮಾಡೋದು ನಮ್ಮ ಮನೆತನದ ಕೈ ಅಂದ್ಕೊಂಡಿದ್ದೆ ಕಣೇ," ಎಂದಳು ಮಗಳಿಗೆ, ಮೆಲ್ಲಗೆ. "ಗುಂಡಿಗೆ ಹೆದರಿದ ಕೈ ಇದು."

ಸಂಜೆ ಸಭೆಯಲ್ಲಿ ಅವಳದೇ ದೊಡ್ಡ ದನಿ. "ಅಂಚು ಬಿಡ್ತೀನಿ. ಆದ್ರೆ ಮಡಕೆ ಒಣಗಿಸೋಕೆ ನನ್ನ ಹಿತ್ತಲು ಸಮ ಮಾಡಿಕೊಡ್ಬೇಕು. ರಸ್ತೆಗೆ ಚರಂಡೀನೂ ಬೇಕು, ಇಲ್ದಿದ್ರೆ ಒಂದೇ ಮಳೆಗೆ ಕೊಚ್ಕೊಂಡು ಹೋಗುತ್ತೆ. ಬರ್ಕೊಳ್ಳಿ ಸಾರ್." ಸಭೆಗೆ ಬಂದಿದ್ದ ರಸ್ತೆ ಎಂಜಿನಿಯರು ಬರೆದುಕೊಂಡರು. ಅಳಿಯ ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಿ ಅತ್ತೆಯಿಂದ ಬೈಸಿಕೊಂಡ.

ಮರುದಿನ ಬೆಳಿಗ್ಗೆ ಮಗಳನ್ನು ಸರಿಸಿ ತಾನೇ ತಿಗರಿಯ ಮುಂದೆ ಕೂತಳು. "ನೀನು ಮಾಡಿದ್ದೂ ದಪ್ಪಾನೇ. ತೆಳು ಅಂದ್ರೆ ಹೀಗೆ, ನೋಡು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಕೆಟ್ಟ ದಾರಿ ಏನನ್ನು ನುಂಗುತ್ತಿದೆ? ಹಾಲು ದಾರಿಯಲ್ಲೇ ಕೆಡುತ್ತಿದೆಯೇ, ಟೊಮೇಟೊ ಜಜ್ಜಿಹೋಗುತ್ತಿದೆಯೇ? ರಸ್ತೆ ಸಭೆ ಕರೆದರೆ ಮನೆಮಂದಿಯೆಲ್ಲ ಹೋಗಿ. ಜಾಗ ಕೇಳಿದರೆ ಅದಕ್ಕೆ ತಕ್ಕ ಪರಿಹಾರ ಕೇಳಿ, ಚರಂಡಿ ಕೇಳಿ. ಬರೀ "ಬೇಡ" ಅಂದು ಎದ್ದು ಬರಬೇಡಿ. ನಿಮ್ಮ ಕೈಗೆ ಗೊತ್ತಿರುವ ಒಳ್ಳೆಯ ಕೆಲಸ ಒಡೆಯದೆ ಪೇಟೆ ಮುಟ್ಟಲಿ.